ಮೇಲಧಿಕಾರಿಯನ್ನು ‘ಅವಂಕ್ಯುಲರ್’ ಎಂದರೆ ಹೊಗಳಿದಂತೆಯೇ?

ಪ್ರಶ್ನೆ: ಕಚೇರಿಯ ಬೀಳ್ಕೊಡುಗೆಯಲ್ಲಿ ನಿವೃತ್ತರಾಗುತ್ತಿದ್ದ ಅಧಿಕಾರಿಯನ್ನು ಒಬ್ಬರು ‘ಅವಂಕ್ಯುಲರ್’ ಎಂದು ಬಣ್ಣಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅರ್ಥ ಮಾತ್ರ ತಿಳಿಯಲಿಲ್ಲ. ಅದು ಹೊಗಳಿಕೆಯೇ?
– ಓದುಗರು, ಜಯನಗರ

ಉತ್ತರ: ಚಪ್ಪಾಳೆ ದಂಡವಾಗಲಿಲ್ಲ, ಹೊಗಳಿಕೆಯೇ. ಕಿರಿಯರನ್ನು ಅಕ್ಕರೆಯಿಂದ ಕಾಣುವ, ಗದರದೆ ಬುದ್ಧಿ ಹೇಳುವ ಹಿರಿಯ ಗಂಡಸಿಗೆ ಈ ವಿಶೇಷಣ ಸಲ್ಲುತ್ತದೆ. ಅವನ ನಗು, ದನಿ, ಸಲಹೆಗಳಿಗೂ ಇದನ್ನು ಹಚ್ಚುವುದುಂಟು.

ಪದದ ಹುಟ್ಟು ಕನ್ನಡಿಗರಿಗೆ ರುಚಿಸುವಂಥದ್ದು. ಲ್ಯಾಟಿನ್ನಿನಲ್ಲಿ ‘ಅವುಂಕುಲುಸ್’ ಎಂದರೆ ಸೋದರಮಾವ. ಅಪ್ಪನ ಅಣ್ಣತಮ್ಮಂದಿರಿಗೆ ‘ಪತ್ರುವುಸ್’ ಎಂಬ ಬೇರೆಯೇ ಹೆಸರು. ನಮ್ಮಂತೆ ರೋಮನ್ನರಿಗೂ ಮಾವ ಬೇರೆ, ಚಿಕ್ಕಪ್ಪ ಬೇರೆ! ಪತ್ರುವುಸ್ ಗದರುವುದಕ್ಕೆ ಹೆಸರಾದವನು. ಅವನ ನಾಲಿಗೆಯ ಏಟಿಗೆ ಅಂಜುವ ಹುಡುಗಿಯರ ಪಾಡನ್ನು ಕವಿ ಹೊರೇಸ್ ಹಾಡಿದ್ದಾನೆ. ಅವುಂಕುಲುಸ್ ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿನ ‘ಅಂಕಲ್’ ಆಯಿತು, ಮಾವ ಚಿಕ್ಕಪ್ಪಂದಿರ ಭೇದ ಅಲ್ಲಿಗೆ ಅಳಿಯಿತು. ಬೆಂಗಳೂರಿನಲ್ಲಂತೂ ಅದಕ್ಕೆ ನೆಂಟಸ್ತಿಕೆಯೂ ಬೇಕಿಲ್ಲ, ಎರಡು ನರೆಗೂದಲು ಸಾಕು.

ಆದರೆ ಬಸ್ಸಿನಲ್ಲಿ ‘ಅಂಕಲ್, ಸ್ವಲ್ಪ ಜರುಗಿ’ ಎನ್ನಿಸಿಕೊಂಡವರೆಲ್ಲ ಅವಂಕ್ಯುಲರ್ ಅಲ್ಲ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಪೆನ್ನು ಮರೆತು ಬೆವರುತ್ತಿರುವ ಹುಡುಗನಿಗೆ ತಮ್ಮ ಜೇಬಿನ ಪೆನ್ನನ್ನು ಕೊಟ್ಟು, ‘ಮೊದಲು ನೀರು ಕುಡಿಯಪ್ಪ, ಇನ್ನೂ ಹತ್ತು ನಿಮಿಷ ಇದೆ’ ಎನ್ನುವ ಅಪರಿಚಿತ ಹಿರಿಯರಿರುತ್ತಾರಲ್ಲ, ಅವರು ಅವಂಕ್ಯುಲರ್. ಪೆನ್ನು ಕೊಟ್ಟು ‘ಈಗಿನ ಹುಡುಗರಿಗೆ ಜವಾಬ್ದಾರಿಯೇ ಇಲ್ಲ’ ಎಂದು ಶುರುವಿಟ್ಟುಕೊಂಡರೆ ಅವರು ಪತ್ರುವುಸ್ ಪಂಗಡ.

ಪದವನ್ನು ‘ಸೋದರಮಾವನಂಥ’ ಎಂದು ಕನ್ನಡಕ್ಕೆ ತಂದರೆ ಕೆಟ್ಟಿತು. ನಮ್ಮಲ್ಲಿ ಕಂಸನೂ ಸೋದರಮಾವ, ಶಕುನಿಯೂ ಸೋದರಮಾವ. ಆ ನೆಂಟಸ್ತಿಕೆಯ ಮಾನ ಉಳಿಸಿದವನು ಚಂದಮಾಮ ಒಬ್ಬನೇ. ‘ಹಿರಿಯರ ಅಕ್ಕರೆಯ’ ಎಂದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಬಳಸುವಾಗ ವಯಸ್ಸು ನೋಡಿಕೊಳ್ಳಿ. ಅರವತ್ತರವರಿಗೆ ಇದು ಹಾರ; ಮೂವತ್ತೈದರ ಮೇಲಧಿಕಾರಿಗೆ ಹೇಳಿದರೆ ಅವರು ಮನೆಗೆ ಹೋಗಿ ಕನ್ನಡಿ ನೋಡಿಕೊಂಡಾರು. ಹೆಂಗಸರಿಗೆ ಇದು ಹೊಂದುವುದಿಲ್ಲ. ಅಮ್ಮನ ಅಕ್ಕತಂಗಿಯರನ್ನು ಸೂಚಿಸುವ ಲ್ಯಾಟಿನ್ ಪದದಿಂದ ‘ಮೆಟರ್ಟರಲ್’ ಎಂಬ ಜೋಡಿ ಪದವೇನೋ ಇದೆ, ಆದರೆ ಅದನ್ನು ಬೀಳ್ಕೊಡುಗೆಯಲ್ಲಿ ಆಡಿದರೆ ಚಪ್ಪಾಳೆ ತಟ್ಟುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ.