ಪೆಟ್ಟಿಗೆ ಹೋಯಿತು, ಕೀಲಿ ಬಂತು

ಕಾಸರಗೋಡಿನ ಚಿತ್ರಮಂದಿರಕ್ಕೆ ಕನ್ನಡ ಅಥವಾ ತುಳು ಚಿತ್ರವೊಂದು ಬಾರದೇ ಹೋದರೆ ‘ನೋಡುವವರೇ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಮುಗಿದ ಚಿತ್ರ ಪರದೆಯವರೆಗೆ ಬರುವ ದಾರಿಯಲ್ಲಿ ಇನ್ನೂ ಒಂದು ಗೇಟು ಇದೆ: ಡಿಜಿಟಲ್ ಪ್ರದರ್ಶನದ ವ್ಯವಸ್ಥೆ ಮತ್ತು ಅದನ್ನು ನಡೆಸುವ ಕಂಪನಿಗಳು. ಅದರ ಬಗ್ಗೆ ಮಾತನಾಡುವವರು ಕಡಿಮೆ.

ರೀಲಿನ ಕಾಲದಲ್ಲಿ ಅಡ್ಡಿ ಕಣ್ಣಿಗೆ ಕಾಣುತ್ತಿತ್ತು. ಎರಡೂವರೆ ಗಂಟೆಯ ಚಿತ್ರವೆಂದರೆ 35 ಎಂಎಂ ಫಿಲ್ಮಿನ ಸುಮಾರು 13,500 ಅಡಿ. ಪ್ರಿಂಟ್ ದುಬಾರಿಯಾದ್ದರಿಂದ ಸಣ್ಣ ನಿರ್ಮಾಪಕರು ತೆಗೆಸುತ್ತಿದ್ದದ್ದು ಬೆರಳೆಣಿಕೆಯಷ್ಟು. ಅದು ಮಂಗಳೂರಿನಲ್ಲಿ ಓಡಿ ದಣಿದು, ಮೈತುಂಬ ಗೀರು ಹೊತ್ತು, ಪೆಟ್ಟಿಗೆಯಲ್ಲಿ ಕೇರಳದ ಗಡಿಯ ತಲಪಾಡಿ ದಾಟುವಾಗ ಹಾಡುಗಳೆಲ್ಲ ಹಳತಾಗಿರುತ್ತಿದ್ದವು.

2002ರಲ್ಲಿ ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳು ಡಿಸಿಐ (ಡಿಜಿಟಲ್ ಸಿನಿಮಾ ಇನಿಶಿಯೇಟಿವ್ಸ್) ಎಂಬ ಕೂಟ ಕಟ್ಟಿಕೊಂಡು, 2005ರಲ್ಲಿ ಡಿಜಿಟಲ್ ಪ್ರದರ್ಶನದ ಮಾನದಂಡವನ್ನು ಪ್ರಕಟಿಸಿದವು. ರೀಲಿನ ಜಾಗಕ್ಕೆ ಬಂದ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಹುಟ್ಟಿದ್ದು ಅಲ್ಲಿಂದ. ಅದು ಒಂದೇ ವಿಡಿಯೊ ಫೈಲ್ ಅಲ್ಲ, ಫೈಲುಗಳ ಕಟ್ಟು. ಎರಡೂವರೆ ಗಂಟೆಯ ಚಿತ್ರದಲ್ಲಿ 2,16,000 ಫ್ರೇಮುಗಳು. ಒಂದೊಂದೂ ಜೆಪೆಗ್ 2000 ಚಿತ್ರವಾಗಿ ಪ್ರತ್ಯೇಕವಾಗಿ ಕುಗ್ಗುತ್ತದೆ. ಧ್ವನಿ ಮಾತ್ರ ಕುಗ್ಗದೆ ಹಾಗೆಯೇ ಉಳಿಯುತ್ತದೆ. ಬಣ್ಣವನ್ನು ಟಿವಿಯ ಲೆಕ್ಕದಿಂದ ಎಕ್ಸ್‌ವೈಝಡ್ ಎಂಬ ಲೆಕ್ಕಕ್ಕೆ ಬದಲಿಸಬೇಕು. ಈ ಹಂತ ತಪ್ಪಿದರೆ ಪರದೆಯ ಮೇಲೆ ಮುಖದ ಬಣ್ಣವೇ ಕೆಟ್ಟುಹೋಗುತ್ತದೆ.

ಗಡಿನಾಡಿನವರಿಗೆ ಹೆಚ್ಚು ತಲೆನೋವು ಕೊಡುವುದು ಉಪಶೀರ್ಷಿಕೆ. ಕನ್ನಡ ಚಿತ್ರಕ್ಕೆ ಮಲಯಾಳಂ ಸಾಲು ಹಾಕಿದರೆ ಇಲ್ಲಿ ನಾಲ್ಕು ಜನ ಹೆಚ್ಚು ಬರುತ್ತಾರೆ. ಅಕ್ಷರಗಳನ್ನು ಬೇರೆ ಫೈಲಾಗಿ ಕೊಡಬಹುದು ಎಂದು ಮಾನದಂಡ ಹೇಳುತ್ತದೆ. ಆದರೆ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಹಲವು ಯಂತ್ರಗಳಿಗೆ ನಮ್ಮ ಒತ್ತಕ್ಷರ, ಕೂಟಾಕ್ಷರಗಳನ್ನು ಜೋಡಿಸಲು ಬಾರದು. ‘ಅಮ್ಮ’ ಎಂದು ಬರೆದರೆ ಒತ್ತು ಪಕ್ಕಕ್ಕೆ ಬಂದು ‘ಅಮ್‌ಮ’ ಆಗುತ್ತದೆ. ಹಾಗಾಗಿ ಬಲ್ಲವರು ಪ್ರತಿ ಸಾಲನ್ನೂ ಚಿತ್ರವಾಗಿಸಿ ಕೊಡುತ್ತಾರೆ, ಇಲ್ಲವೇ ಫ್ರೇಮಿನ ಮೇಲೆಯೇ ಅಚ್ಚು ಹಾಕುತ್ತಾರೆ.

ಭಾರತದಲ್ಲಿ ಡಿಸಿಐ ದರ್ಜೆಯ ಪ್ರೊಜೆಕ್ಟರ್ ಎಲ್ಲರ ಕೈಗೆಟುಕಲಿಲ್ಲ. ಯುಎಫ್‌ಒ, ಕ್ಯೂಬ್‌ನಂಥ ಕಂಪನಿಗಳು ಅಗ್ಗದ ವ್ಯವಸ್ಥೆಯನ್ನು ಸಣ್ಣ ಊರುಗಳಿಗೂ ತಂದವು. ಇದನ್ನು ಉಪಕಾರವೆಂದೇ ಹೇಳಬೇಕು. ಬೆಂಗಳೂರು, ಮಂಗಳೂರು, ಕಾಸರಗೋಡಿನಲ್ಲಿ ಒಂದೇ ಶುಕ್ರವಾರ ಬಿಡುಗಡೆ ಸಾಧ್ಯವಾಯಿತು. ಯಂತ್ರದ ಖರ್ಚು ಹಿಂತಿರುಗಿಸಲು ನಿರ್ಮಾಪಕರು ಪರದೆಗಿಷ್ಟು ಎಂದು ವರ್ಚುವಲ್ ಪ್ರಿಂಟ್ ಶುಲ್ಕ ಕಟ್ಟಿದರು. ಅಮೆರಿಕದಲ್ಲಿ ಈ ಶುಲ್ಕಕ್ಕೆ ಅವಧಿಯಿತ್ತು. ಇಲ್ಲಿ ಅದು ಮುಂದುವರಿಯಿತು. ‘ಯಂತ್ರದ ಸಾಲ ತೀರಿ ವರ್ಷಗಳಾದವು, ನಾವೇಕೆ ಕಟ್ಟಬೇಕು’ ಎಂದು ದಕ್ಷಿಣದ ನಿರ್ಮಾಪಕರು 2018ರ ಮಾರ್ಚ್ 1ರಿಂದ ಹೊಸ ಚಿತ್ರಗಳನ್ನು ತಡೆಹಿಡಿದರು. ತಮಿಳಿನಲ್ಲಿ ಆ ಹಟ ಏಪ್ರಿಲ್‌ವರೆಗೆ ನಡೆಯಿತು.

ಕೇರಳದ ನಿರ್ಮಾಪಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮಾಸ್ಟರಿಂಗ್‌ಗೆ, ಅಂದರೆ ಮುಗಿದ ಚಿತ್ರವನ್ನು ಪ್ರದರ್ಶನದ ಫೈಲುಗಳಾಗಿ ಸಿದ್ಧಪಡಿಸುವ ಕೆಲಸಕ್ಕೆ, ತಮ್ಮದೇ ವ್ಯವಸ್ಥೆ ಮಾಡಿಕೊಂಡರು. 2024ರ ಏಪ್ರಿಲ್‌ನಲ್ಲಿ, ಈದ್-ವಿಷುವಿನ ಹೊತ್ತಿಗೆ, ಮಲ್ಟಿಪ್ಲೆಕ್ಸ್ ಸರಪಳಿ ಪಿವಿಆರ್ ಐನಾಕ್ಸ್ ಜೊತೆ ಇದೇ ವಿಷಯಕ್ಕೆ ಜಟಾಪಟಿಯಾಗಿ ಅದರ ಪರದೆಗಳಿಂದ ಹೊಸ ಮಲಯಾಳಂ ಚಿತ್ರಗಳು ಕೆಲವು ದಿನ ಮಾಯವಾಗಿದ್ದವು. ಮಲಯಾಳಂ ಚಿತ್ರಗಳಿಗೇ ಈ ಗತಿಯಾದರೆ ತುಳು ಚಿತ್ರದ ಪರ ಚೌಕಾಸಿಗೆ ಕೂರುವವರು ಯಾರು?

ನನ್ನ ತಕರಾರು ಯಂತ್ರದ ಮೇಲಲ್ಲ. ಡಿಸಿಪಿ ಮುಕ್ತ ಮಾನದಂಡ; ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ಬದಿಯಡ್ಕದ ಹುಡುಗನೂ ಅದನ್ನು ಮನೆಯಲ್ಲೇ ಮಾಡಬಹುದು. ಚಿತ್ರಕ್ಕೆ ಬೀಗ ಹಾಕಿದ್ದರೆ ಕೆಡಿಎಂ ಎಂಬ ಕೀಲಿ ಬೇಕು. ಅದು ಮಿಂಚಂಚೆಯಲ್ಲಿ ಬರುವ ಪುಟ್ಟ ಫೈಲು. ಇಂಥ ಸರ್ವರ್ (ಚಿತ್ರ ಓಡಿಸುವ ಗಣಕ), ಇಂಥ ಗಂಟೆಯಿಂದ ಇಂಥ ಗಂಟೆ ಎಂದು ಅದರಲ್ಲಿ ನಮೂದಾಗಿರುತ್ತದೆ. ಗಡುವು ಮೀರಿದರೆ ಚಿತ್ರ ತೆರೆಯುವುದಿಲ್ಲ. ಬೀಗ ಹಾಕದ ಡಿಸಿಪಿಗೆ ಈ ರಗಳೆ ಇಲ್ಲ, ಕನ್ನಡ ಸಂಘದ ಭಾನುವಾರದ ಒಂದು ಆಟಕ್ಕೆ ಅಷ್ಟು ಸಾಕು. ಆದರೆ ಸರ್ವರನ್ನು ಬಾಡಿಗೆಗೆ ತಂದ ಚಿತ್ರಮಂದಿರದವರು ಒಪ್ಪಂದಕ್ಕೆ ಕಟ್ಟುಬಿದ್ದಿದ್ದರೆ, ಆ ಒಂದು ಆಟಕ್ಕೂ ಮೊದಲು ಕೇಳಬೇಕಾದದ್ದು ಕಂಪನಿಯನ್ನು.