ಮಗುವಿನ ಕೆಮ್ಮಿಗೆ ಅಪ್ಪನಿಗೂ ಔಷಧ ಬೇಕು

ಕೂಸಿಗೆ ಪದೇ ಪದೇ ಕೆಮ್ಮು, ಎದೆ ಗೊರಗೊರ ಅನ್ನುತ್ತದೆ ಅಂತ ದವಾಖಾನೆಗೆ ಕರೆತಂದಾಗ ಡಾಕ್ಟರು ಕೇಳುವ ಪ್ರಶ್ನೆಗಳು ನಮಗೆಲ್ಲ ಗೊತ್ತು. ಜ್ವರ ಎಷ್ಟು ದಿನದಿಂದ? ಹಾಲು ಕುಡಿಯುತ್ತದಾ? ರಾತ್ರಿ ನಿದ್ದೆ ಮಾಡುತ್ತದಾ? ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರು ಇದ್ದಾರಾ ಅಂತಲೂ ಕೆಲವರು ಕೇಳುತ್ತಾರೆ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತ ಅಪ್ಪ ಆಗ ಮೆಲ್ಲಗೆ ಹೇಳುತ್ತಾನೆ: "ಸೇದ್ತೀನ್ರಿ ಸಾಹೇಬ್ರ. ಆದ್ರ ಮನ್ಯಾಗ ಸೇದಂಗಿಲ್ಲ, ಹೊರಗ ಕಟ್ಟಿ ಮ್ಯಾಲ ಕುಂತು ಸೇದ್ತೀನಿ." ಡಾಕ್ಟರು "ಬಿಟ್ಟುಬಿಡಪಾ" ಅನ್ನುತ್ತಾರೆ. ಅವನು "ಹೂಂ ರೀ" ಅನ್ನುತ್ತಾನೆ. ಚೀಟಿಯಲ್ಲಿ ಮಗುವಿನ ಔಷಧ ಮಾತ್ರ ಇರುತ್ತದೆ.

ಅದೇ ಚೀಟಿಯಲ್ಲಿ ಅಪ್ಪನಿಗೂ ಏನಾದರೂ ಬರೆದುಕೊಡಬೇಕು. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಹೊಗೆಯ ವಿಷಯ ನೋಡೋಣ.

ಹಚ್ಚಿದ ಸಿಗರೇಟಿನಿಂದ ಹೊಗೆ ಎರಡು ದಾರಿಯಲ್ಲಿ ಬರುತ್ತದೆ. ಸೇದಿದವನು ಎಳೆದುಕೊಂಡು ಹೊರಗೆ ಬಿಡುವುದು ಒಂದು. ಬೆರಳ ಸಂದಿಯಲ್ಲಿ ಹಿಡಿದಾಗ ತುದಿಯಿಂದ ಸುಮ್ನೆ ಏಳುವುದು ಇನ್ನೊಂದು. ಊದುಬತ್ತಿಯನ್ನು ಯಾರೂ ಎಳೆಯದಿದ್ದರೂ ಅದು ಮನೆ ತುಂಬ ಹರಡುತ್ತದಲ್ಲ, ಹಾಗೆ. ಕೋಣೆಯಲ್ಲಿ ತುಂಬುವ ಹೊಗೆಯಲ್ಲಿ ಸುಮಾರು 85 ಶೇಕಡಾ ಈ ತುದಿಯ ಹೊಗೆಯೇ. ಒಂದು ಜುರಿಕೆಗೂ ಇನ್ನೊಂದಕ್ಕೂ ನಡುವೆ ತುದಿಯ ಬಿಸಿ ಇಳಿಯುತ್ತದೆ, ತಂಬಾಕು ಅರೆಬರೆ ಉರಿಯುತ್ತದೆ. ಆಗ ಕಾರ್ಬನ್ ಮೊನಾಕ್ಸೈಡ್, ಅಮೋನಿಯಾದಂಥ ವಿಷಗಳು ಹೆಚ್ಚು ಹುಟ್ಟುತ್ತವೆ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಸೇದುವವನ ಪುಪ್ಪುಸಕ್ಕೆ ಹೋಗುವ ಹೊಗೆಗಾದರೂ ಫಿಲ್ಟರ್ ಇರುತ್ತದೆ. ಪಕ್ಕದಲ್ಲಿ ಆಡುತ್ತಿರುವ ಮಗುವಿಗೆ ಅದೂ ಇಲ್ಲ.

ಬೆಳಗಾವಿ ಜಿಲ್ಲೆಯವರಿಗೆ ಬೀಡಿ ಹೊಸದಲ್ಲ. ನಿಪ್ಪಾಣಿ ಸುತ್ತಿನ ಹೊಲಗಳಲ್ಲಿ ಬೀಡಿ ತಂಬಾಕು ಬೆಳೆಯುತ್ತಾರೆ. ಅಲ್ಲಿನ ಎಷ್ಟೋ ಹೆಣ್ಣುಮಕ್ಕಳ ದಿನದ ಅನ್ನ ಬೀಡಿ ಕಟ್ಟುವುದರಿಂದಲೇ ಬರುತ್ತದೆ. ಅವರ ದುಡಿಮೆಯನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಬೀಡಿ ಎಂದರೆ ಸೌಮ್ಯ, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ಒಂದು ಬೀಡಿಯಲ್ಲಿ ತಂಬಾಕು ಕಡಿಮೆ ಇರುತ್ತದೆ, ನಿಜ. ಆದರೆ ಸುತ್ತಿದ ಎಲೆಯೊಳಗೆ ಗಾಳಿ ಆಡುವುದಿಲ್ಲ. ಎಳೆಯುತ್ತಾ ಇರದಿದ್ದರೆ ಆರಿಹೋಗುತ್ತದೆ. ಹಾಗಾಗಿ ಬೀಡಿ ಸೇದುವವರು ಜೋರಾಗಿ, ಬೇಗ ಬೇಗ ಎಳೆಯುತ್ತಾರೆ. ಅಷ್ಟು ಕಡಿಮೆ ತಂಬಾಕಿನಿಂದಲೂ ಸಿಗರೇಟಿಗಿಂತ ಜಾಸ್ತಿ ಟಾರ್ (ಹೊಗೆಯಲ್ಲಿನ ಅಂಟು ಕೊಳೆ), ಜಾಸ್ತಿ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಮನೆಯಲ್ಲೇ ಬೀಡಿ ಕಟ್ಟುವವರು ಸಣ್ಣ ಮಕ್ಕಳನ್ನು ತಂಬಾಕಿನ ಮೊರದಿಂದ ದೂರ ಇಟ್ಟರೆ ಒಳ್ಳೆಯದು. ತಂಬಾಕಿನಲ್ಲಿ ಚಟ ಹಿಡಿಸುವ ವಸ್ತುವಾದ ನಿಕೋಟಿನ್ ಚರ್ಮದಿಂದಲೂ ಒಳಗೆ ಇಳಿಯುತ್ತದೆ. ತೆವಳುವ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ.

ಮಕ್ಕಳು ಗಾತ್ರದಲ್ಲಿ ಮಾತ್ರ ನಮಗಿಂತ ಸಣ್ಣವರಲ್ಲ. ಆರಾಮಾಗಿ ಕೂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ, ಆಗತಾನೆ ಹುಟ್ಟಿದ ಕೂಸು 40ರಿಂದ 60 ಸಲ ಉಸಿರಾಡುತ್ತದೆ. ತೂಕಕ್ಕೆ ಹೋಲಿಸಿದರೆ ಅದರೊಳಗೆ ಹೋಗುವ ಗಾಳಿ ನಮಗಿಂತ ಎಷ್ಟೋ ಹೆಚ್ಚು. ಗಾಳಿಯ ಜೊತೆ ಇರುವ ಹೊಗೆಯೂ ಅಷ್ಟೇ ಹೆಚ್ಚು. ಇನ್ನು ಉಸಿರಿನ ನಾಳಗಳು ಮೊದಲೇ ಕಿರಿದು. ನಾಳ ಅರ್ಧದಷ್ಟು ಕಿರಿದಾದರೆ ಗಾಳಿ ಹರಿಯುವುದು ಎರಡು ಪಟ್ಟು ಕಷ್ಟವಾಗುತ್ತದೆ ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿದರೆ ಅದು 16 ಪಟ್ಟು! ದೊಡ್ಡವರಿಗೆ ಬರೀ ಗಂಟಲು ಕೆರೆತ ಅನ್ನಿಸುವ ಊತ ಕೂಸಿಗೆ ಉಸಿರೇ ಸಿಗದ ಹಾಗೆ ಮಾಡುವುದು ಇದಕ್ಕೇ. ಕಿವಿಯ ಕತೆಯೂ ಹಾಗೇ. ಕಿವಿಯ ಒಳಭಾಗದಿಂದ ಗಂಟಲಿಗೆ ಬರುವ ಸಣ್ಣ ಕೊಳವೆ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ ಇರುತ್ತದೆ. ಹೊಗೆಯಿಂದ ಅದು ಊದಿಕೊಂಡು ಕಟ್ಟಿದರೆ ನೀರು ನಿಲ್ಲುತ್ತದೆ, ಸೋಂಕು ಆಗುತ್ತದೆ. ವರ್ಷಕ್ಕೆ ಮೂರ್ನಾಲ್ಕು ಸಲ ಕಿವಿ ಸೋರುವ ಮಗುವಿನ ಮನೆಯಲ್ಲಿ ಯಾರು ಸೇದುತ್ತಾರೆ ಅಂತ ವಿಚಾರಿಸಬೇಕು.

ಅಮೆರಿಕ ಸರಕಾರದ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 2006ರ ವರದಿ ಇದನ್ನೆಲ್ಲ ಒಟ್ಟು ಮಾಡಿ ನೋಡಿತು. ಪಕ್ಕದವರ ಹೊಗೆಯಿಂದ ಮಕ್ಕಳಿಗೆ ಎದೆಯ ಸೋಂಕು, ಕಿವಿಯ ತೊಂದರೆ, ಅಸ್ತಮಾ ಜೋರಾಗುವುದು, ಕೂಸುಗಳು ನಿದ್ದೆಯಲ್ಲೇ ತೀರಿಕೊಳ್ಳುವುದು ಹೆಚ್ಚುತ್ತದೆ ಅಂತ ಹೇಳಿತು. ಇಷ್ಟು ಹೊಗೆಯಾದರೆ ಪರವಾಗಿಲ್ಲ ಅನ್ನುವ ಮಟ್ಟ ಯಾವುದೂ ಇಲ್ಲ ಅಂತಲೂ ಹೇಳಿತು.

ಈಗ ಕಟ್ಟೆಯ ಮೇಲೆ ಕೂತು ಸೇದುವ ಅಪ್ಪನ ಮಾತಿಗೆ ಬರೋಣ. ಮಗುವಿನ ಮೇಲಿನ ಕಾಳಜಿಯಿಂದಲೇ ಅವನು ಎದ್ದು ಹೊರಗೆ ಹೋಗುತ್ತಾನೆ. ಅದಕ್ಕೆ ಬೆಲೆ ಇದೆ. ಆದರೆ ಅಷ್ಟು ಸಾಕಾಗುತ್ತದಾ?

ನಿಕೋಟಿನ್ ಮೈಯೊಳಗೆ ಹೋದ ಮೇಲೆ ಕೊಟಿನಿನ್ ಅನ್ನುವ ವಸ್ತುವಾಗಿ ಬದಲಾಗುತ್ತದೆ. ಮೂತ್ರ, ಎಂಜಲು, ಕೂದಲಲ್ಲಿ ಅದನ್ನು ಅಳೆಯಬಹುದು. ಮಗುವಿಗೆ ಎಷ್ಟು ಹೊಗೆ ತಾಗಿದೆ ಅಂತ ಅಪ್ಪ ಅಮ್ಮನನ್ನು ಕೇಳಬೇಕಾಗಿಲ್ಲ, ಮಗುವಿನ ಮೂತ್ರವೇ ಹೇಳುತ್ತದೆ. ಸ್ವೀಡನ್ನಿನ ಸಂಶೋಧಕರು ಸಣ್ಣ ಮಕ್ಕಳಲ್ಲಿ ಹೀಗೆ ಅಳೆದು 2004ರಲ್ಲಿ ಪ್ರಕಟಿಸಿದರು. ಯಾರೂ ಸೇದದ ಮನೆಯ ಮಕ್ಕಳಲ್ಲಿ ಇದ್ದ ಕೊಟಿನಿನ್ ಒಂದು ಪಾಲು ಅಂತ ಇಟ್ಟುಕೊಳ್ಳಿ. ಮನೆಯೊಳಗೇ ಸೇದುವವರ ಮಕ್ಕಳಲ್ಲಿ ಅದು ಸುಮಾರು 15 ಪಾಲು ಇತ್ತು. ಅಡುಗೆಮನೆಯ ಫ್ಯಾನಿನ ಹತ್ತಿರ ನಿಂತು ಸೇದಿದರೆ ಸುಮಾರು ಮೂರು. ಹೊರಗೆ ಹೋಗಿ, ಬಾಗಿಲು ಹಾಕಿಕೊಂಡು ಸೇದಿದವರ ಮಕ್ಕಳಲ್ಲೂ ಸುಮಾರು ಎರಡು ಪಾಲು.

ಅಂದರೆ ಹೊರಗೆ ಹೋಗುವುದರಿಂದ ಲಾಭ ಇದೆ, ಬಹಳ ಇದೆ. ಒಳಗೆ ಸೇದುವ ಯಾರೇ ಆಗಲಿ, ಇವತ್ತೇ ಅದನ್ನು ನಿಲ್ಲಿಸಿ ಹೊರಗೆ ಹೋಗಲಿ. ಆದರೆ ಅಷ್ಟರಿಂದ ಮಗು ಪೂರ್ತಿ ಪಾರಾಗುವುದಿಲ್ಲ. ನಮ್ಮ ಕಡೆ ಕಟ್ಟೆ ಅಂದರೆ ಬಾಗಿಲಿಗೆ ಅಂಟಿಕೊಂಡೇ ಇರುತ್ತದೆ. ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಕಟ್ಟೆಯ ಹೊಗೆ ಪಡಸಾಲೆಗೆ ಬರಲು ಎಷ್ಟು ಹೊತ್ತು? ವಿಜಯಪುರದ ಡಿಸೆಂಬರ್ ಚಳಿಯಲ್ಲಿ ಕಟ್ಟೆಯ ಮೇಲೆ ಕೂರುವ ಧೈರ್ಯವೂ ಆಗುವುದಿಲ್ಲ, ಹೊಸ್ತಿಲಲ್ಲೇ ನಿಂತು ಎರಡು ಜುರಿಕೆ ಎಳೆದು ಒಳಗೆ ಬರುತ್ತಾರೆ. ಸೇದಿ ಬಂದ ಮೇಲೂ ಕೆಲವು ನಿಮಿಷ ಉಸಿರಿನಲ್ಲಿ ಹೊಗೆ ಬರುತ್ತಲೇ ಇರುತ್ತದೆ. ಅಂಗಿ, ಮೀಸೆ, ಬೆರಳಿಗೆ ಅಂಟಿದ್ದು ಹಾಗೇ ಉಳಿಯುತ್ತದೆ. ಕೂಸು ಮುಖ ಒತ್ತಿ ಮಲಗುವುದು ಅದೇ ಅಂಗಿಯ ಹೆಗಲಿಗೆ. ಗೋಡೆ, ಹಾಸಿಗೆ, ಕೌದಿಯ ಮೇಲೆ ಕೂತ ನಿಕೋಟಿನ್ ಕೂಡ ತೆಪ್ಪಗೆ ಇರುವುದಿಲ್ಲ. ಗ್ಯಾಸ್ ಒಲೆ, ವಾಹನಗಳಿಂದ ಬರುವ ನೈಟ್ರಸ್ ಆಮ್ಲದ ಜೊತೆ ಸೇರಿ ಅದು ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್ ಆಗುತ್ತದೆ ಅಂತ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2010ರಲ್ಲಿ ತೋರಿಸಿದರು.

ಹಾಗಾದರೆ ಉಳಿದಿರುವ ದಾರಿ ಬಿಡುವುದೇ. ಅದನ್ನು ಹೇಳುವುದು ಸುಲಭ. "ಮಕ್ಕಳ ಮುಖ ನೋಡಿಯಾದರೂ ಬಿಡು" ಅಂತ ಹೆಂಡತಿ ಹೇಳಿರುತ್ತಾಳೆ, ಅವ್ವ ಹೇಳಿರುತ್ತಾಳೆ. ಮಾತು ಕೇಳಿಲ್ಲ ಅಂದರೆ ಮಕ್ಕಳ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಎಳೆದ ನಿಕೋಟಿನ್ 10-20 ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ, ಎರಡು ತಾಸಿನಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿದ ಕೂಡಲೇ ಚಡಪಡಿಕೆ, ಸಿಟ್ಟು. ಮತ್ತೆ ಸೇದಿದರೆ ಸಮಾಧಾನ. ವರ್ಷಗಟ್ಟಲೆ ಹೀಗೆ ಪಳಗಿದ ಮೆದುಳಿಗೆ ಬರೀ ಬುದ್ಧಿಮಾತು ಹತ್ತುವುದಿಲ್ಲ. ಯಾರ ನೆರವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ಗೆಲ್ಲುವವರು ನಾಲ್ಕೈದು ಮಂದಿ ಅಷ್ಟೇ.

ಇಲ್ಲಿ ಮಕ್ಕಳ ಡಾಕ್ಟರಿಗೆ ದೊಡ್ಡ ಅವಕಾಶ ಇದೆ. ಮೂವತ್ತರ ಗಂಡಸು ತನಗಾಗಿ ಡಾಕ್ಟರ ಹತ್ತಿರ ಹೋಗುವುದೇ ಅಪರೂಪ. ಮಗುವಿಗಾಗಿ ಮಾತ್ರ ಮಧ್ಯರಾತ್ರಿಯಾದರೂ ಓಡಿ ಬರುತ್ತಾನೆ. ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್ಲಿನ ಮಕ್ಕಳ ವೈದ್ಯ ಜೊನಾಥನ್ ವಿನಿಕಾಫ್ ಮತ್ತು ಸಂಗಡಿಗರು ಇದನ್ನೇ ಹಿಡಿದು 'ಸೀಸ್' ಅನ್ನುವ ಪದ್ಧತಿ ಮಾಡಿದರು. ಮಗುವನ್ನು ಕರೆತಂದ ಪ್ರತಿ ಅಪ್ಪ ಅಮ್ಮನನ್ನೂ ಸೇದುತ್ತೀರಾ ಅಂತ ಕೇಳುವುದು. ಹೌದು ಅಂದರೆ ಬೈಯದೆ, ಬಿಡಲು ಬೇಕಾದ ಔಷಧವನ್ನು ಅಲ್ಲೇ ಬರೆದುಕೊಡುವುದು, ಸಹಾಯವಾಣಿಗೆ ಹೆಸರು ಸೇರಿಸುವುದು. ಅಲ್ಲಿನ ಐದು ರಾಜ್ಯಗಳ ಹತ್ತು ಕ್ಲಿನಿಕ್‌ಗಳಲ್ಲಿ ಇದನ್ನು ಪರೀಕ್ಷಿಸಿದರು. ಈ ಪದ್ಧತಿ ಇದ್ದ ಕಡೆ ಸೇದುವ ತಂದೆತಾಯಿಯರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ನಿಜವಾದ ನೆರವು ಸಿಕ್ಕಿತು. ಮಾಮೂಲಿ ಕ್ಲಿನಿಕ್‌ಗಳಲ್ಲಿ ಹೆಚ್ಚುಕಡಿಮೆ ಯಾರಿಗೂ ಸಿಗಲಿಲ್ಲ. ಎರಡು ವರ್ಷದ ನಂತರ ನೋಡಿದಾಗ, ಈ ಪದ್ಧತಿ ಇದ್ದ ಕಡೆ ಸೇದುವ ತಂದೆತಾಯಿಯರ ಪ್ರಮಾಣ ನೂರಕ್ಕೆ 2.7ರಷ್ಟು ಇಳಿದಿತ್ತು. ಉಳಿದ ಕಡೆ ಒಂದರಷ್ಟು ಏರಿತ್ತು. ಸಣ್ಣ ಅಂಕಿ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಹೊಸ ಕಟ್ಟಡ, ಹೊಸ ಯಂತ್ರ ಏನೂ ಇಲ್ಲದೆ, ಒಂದು ಪ್ರಶ್ನೆ ಮತ್ತು ಒಂದು ಚೀಟಿಯಿಂದ ಆದ ಕೆಲಸ ಅದು.

ನಮ್ಮಲ್ಲೂ ಬೇಕಾದ ಸಾಮಾನು ಇದೆ. ನಿಕೋಟಿನ್ ಗಮ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. 2 ಮಿಲಿಗ್ರಾಮಿನ ಗಮ್ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ. ನಿಕೋಟಿನ್ನಿಗೆ ಮತ್ತೆ ನಿಕೋಟಿನ್ನಾ ಅಂತ ಕೇಳುವವರಿದ್ದಾರೆ. ಗಮ್ಮಿನಲ್ಲಿ ಹೊಗೆ ಇಲ್ಲ, ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ. ಮೆದುಳಿಗೆ ನಿಧಾನವಾಗಿ ಸ್ವಲ್ಪ ಸ್ವಲ್ಪ ನಿಕೋಟಿನ್ ಸಿಗುತ್ತದೆ, ಚಡಪಡಿಕೆ ಇಳಿಯುತ್ತದೆ, ಕೆಲವು ವಾರಗಳಲ್ಲಿ ಅದನ್ನೂ ಕಡಿಮೆ ಮಾಡುತ್ತ ನಿಲ್ಲಿಸುತ್ತಾರೆ. ಇಂಥ ಔಷಧದ ನೆರವಿದ್ದರೆ ಬಿಡುವ ಸಾಧ್ಯತೆ ಒಂದೂವರೆ ಪಟ್ಟು ಹೆಚ್ಚುತ್ತದೆ. ಆದರೆ ಗಮ್ ಅಗಿಯುವ ಕ್ರಮ ಗೊತ್ತಿಲ್ಲದೆ ಬಹಳ ಜನ ಎರಡೇ ದಿನಕ್ಕೆ ಬಿಸಾಡುತ್ತಾರೆ. ಚ್ಯೂಯಿಂಗ್ ಗಮ್ಮಿನ ಹಾಗೆ ಗಬಗಬ ಅಗಿದರೆ ಬಿಕ್ಕಳಿಕೆ, ಎದೆಯುರಿ. ನಾಲ್ಕಾರು ಸಲ ನಿಧಾನವಾಗಿ ಅಗಿಯಬೇಕು. ಖಾರ ಅನ್ನಿಸಿದ ಕೂಡಲೇ ಗಲ್ಲ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಚಹಾ ಕುಡಿದ ತಕ್ಷಣ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ, ಕಾಲು ಗಂಟೆಯಾದರೂ ಬಿಡಬೇಕು. ಈ ಗಮ್ ಮಕ್ಕಳ ಕೈಗೆ ಮಾತ್ರ ಸಿಗಬಾರದು. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ. ಬೆಳಗ್ಗೆ ಎದ್ದು ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೇ ಬೇಕು ಅನ್ನುವವರ ಚಟ ಗಟ್ಟಿ. ಅಂಥವರಿಗೆ ಗಮ್ ಒಂದೇ ಸಾಲದು. ಡಾಕ್ಟರು ಕೊಡುವ ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳಿವೆ.

ಬಿಟ್ಟ ಮೊದಲ ಎರಡು ಮೂರು ದಿನ ಅತಿ ಕಷ್ಟ, ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಸೇದಬೇಕು ಅನ್ನುವ ಒಂದೊಂದು ಅಲೆ ಕೆಲವೇ ನಿಮಿಷದ್ದು. "ಬೀಡಿ ಸೇದಲಿಲ್ಲಂದ್ರ ಸಂಡಾಸ ಆಗಂಗಿಲ್ರಿ" ಅನ್ನುವುದು ನಮ್ಮ ಕಡೆ ದಿನಾ ಕೇಳುವ ಮಾತು. ಅದು ಸುಳ್ಳಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ, ಬಿಟ್ಟಾಗ ಕೆಲ ದಿನ ಮಲಬದ್ಧತೆ ಆಗುತ್ತದೆ. ಹೆಚ್ಚು ನೀರು, ಕಾಳಿನ ಪಲ್ಯ, ಸೊಪ್ಪು, ಬೆಳಗಿನ ನಡಿಗೆಯಿಂದ ಸರಿಹೋಗುತ್ತದೆ. ಇದನ್ನು ಮೊದಲೇ ಹೇಳಿಟ್ಟರೆ ಮೂರನೇ ದಿನಕ್ಕೆ ಅವನು ಮತ್ತೆ ಪಾನ್ ಅಂಗಡಿಗೆ ಹೋಗುವುದಿಲ್ಲ. ಬೀಡಿ ಬಿಟ್ಟು ಮಾವಾ, ಗುಟ್ಕಾ ಹಿಡಿಯುವವರೂ ಇದ್ದಾರೆ. ಮಗುವಿಗೆ ಹೊಗೆ ತಪ್ಪುತ್ತದೆ, ಅಪ್ಪನ ಬಾಯಿಗೆ ಕ್ಯಾನ್ಸರ್ ಹತ್ತಿರವಾಗುತ್ತದೆ. ಅದು ಬಿಟ್ಟಂತಲ್ಲ.

ಸರಕಾರದ ಉಚಿತ ಸಹಾಯವಾಣಿ 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಬಿಡುವ ದಿನ ಗೊತ್ತು ಮಾಡಿಸಿ, ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ. 2018ರಿಂದ ಈ ನಂಬರು ಪ್ಯಾಕಿನ ಮೇಲೆಯೇ ಅಚ್ಚಾಗುತ್ತಿದೆ. ಆದರೆ ಒಂದೊಂದೇ ಸಿಗರೇಟು ಕೊಳ್ಳುವವನ ಕಣ್ಣಿಗೆ ಅದು ಬೀಳುವುದಾದರೂ ಹೇಗೆ? ಬಿಡಿಬಿಡಿಯಾಗಿ ಮಾರುವುದಕ್ಕೆ ರಾಜ್ಯದಲ್ಲಿ 2017ರಿಂದಲೇ ನಿಷೇಧ ಇದೆ. ಅದು ಗಟ್ಟಿಯಾಗಿ ಜಾರಿಯಾಗಬೇಕು ಅನ್ನಲು ಇದೂ ಒಂದು ಕಾರಣ.

ಕಾನೂನು ಮನೆಯ ಹೊಸ್ತಿಲ ತನಕ ಮಾತ್ರ. ಸಾರ್ವಜನಿಕ ಸ್ಥಳಗಳಲ್ಲಿ ಸೇದಬಾರದು ಅನ್ನುವ ನಿಯಮ 2008ರ ಅಕ್ಟೋಬರ್ 2ರಿಂದ ದೇಶದಲ್ಲಿದೆ. ಆದರೂ 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 39 ವಯಸ್ಕರು ಮನೆಯಲ್ಲೇ ಪಕ್ಕದವರ ಹೊಗೆ ಕುಡಿಯುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ 2006ರಲ್ಲಿ ಇಂಥದ್ದೇ ಕಾನೂನು ಬಂದಾಗ, ಹೊರಗೆ ಸೇದಲಾಗದವರು ಮನೆಯಲ್ಲಿ ಹೆಚ್ಚು ಸೇದುತ್ತಾರೆ, ಮಕ್ಕಳಿಗೆ ಕಷ್ಟ ಅಂತ ಹೆದರಿದ್ದರು. ಆಗಿದ್ದು ತಿರುಗಾಮುರುಗಾ. ಅದುವರೆಗೆ ವರ್ಷಕ್ಕೆ ಶೇಕಡಾ 5ರಷ್ಟು ಏರುತ್ತಿದ್ದ, ಅಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ, ಆಮೇಲೆ ವರ್ಷಕ್ಕೆ ಶೇಕಡಾ 18ರಷ್ಟು ಇಳಿಯಿತು. ಎಲ್ಲೂ ಸೇದುವ ಹಾಗಿಲ್ಲ ಅಂದಾಗ ಮನೆಯ ರೀತಿಯೂ ಬದಲಾಗುತ್ತದೆ.

ನಮ್ಮ ಕೂಡು ಮನೆಗಳಲ್ಲಿ ಅಪ್ಪನೊಬ್ಬನೇ ಸೇದುವುದಿಲ್ಲ. ಅಜ್ಜ ಇರುತ್ತಾನೆ, ಕಾಕಾ ಇರುತ್ತಾನೆ. ಸೊಸೆ ಮಾವನಿಗೆ "ಹೊರಗೆ ಹೋಗಿ" ಅನ್ನಲಾರಳು. ಡಾಕ್ಟರೋ ಆಶಾ ಕಾರ್ಯಕರ್ತೆಯೋ ಆ ಮಾತನ್ನು ಅಜ್ಜನಿಗೇ ನೇರವಾಗಿ ಹೇಳಿದರೆ ಅವಳ ಮೇಲಿನ ಭಾರ ಇಳಿಯುತ್ತದೆ. "ಅಜ್ಜಾ, ಕೂಸಿನ ಎದಿ ಸಣ್ಣದೈತಿ, ಹೊಗಿ ತಡ್ಯಂಗಿಲ್ಲ" ಅಂದರೆ ಮೊಮ್ಮಗುವಿಗಾಗಿ ಎದ್ದು ಹೋಗದ ಅಜ್ಜ ಕಡಿಮೆ.

ಇದಕ್ಕೆ ಸಮಯವೂ ಬೇಕಾದಷ್ಟು ಸಿಗುತ್ತದೆ. ಲಸಿಕೆಗೆ ಅಂತ ಕೂಸು ಹುಟ್ಟಿದಾಗ, 6, 10, 14 ವಾರಕ್ಕೆ, ಮತ್ತೆ 9 ತಿಂಗಳಿಗೆ ಬರುತ್ತದೆ. ಮೊದಲ ಸಲ ತಾಯಿ ಕಾರ್ಡಿನಲ್ಲಿ ಮನೆಯಲ್ಲಿ ಯಾರು ಸೇದುತ್ತಾರೆ ಅಂತ ಒಂದು ಸಾಲು ಬರೆದು, ಆ ಅಪ್ಪನ ಫೋನಿನಲ್ಲಿ 1800-11-2356 ಸೇವ್ ಮಾಡಿಸಿ ಕಳಿಸಬಹುದು. ಆರನೇ ವಾರಕ್ಕೆ ಬಂದಾಗ ಫೋನ್ ಮಾಡಿದಿರಾ, ಗಮ್ ತಂದಿರಾ ಅಂತ ಕೇಳಬಹುದು. ನಡುವೆ ಮತ್ತೆ ಸೇದಿದ್ದರೆ ಬೈಯುವುದು ಬೇಡ. ಬಹಳ ಮಂದಿ ಹಲವು ಸಲ ಬಿಟ್ಟು, ಹಿಡಿದು, ಆಮೇಲೇ ಪೂರ್ತಿ ಬಿಟ್ಟಿರುತ್ತಾರೆ. ಹತ್ತನೇ ವಾರಕ್ಕೆ ಹೊಸ ದಿನ ಗೊತ್ತು ಮಾಡಿ, ಈ ಸಲ ಔಷಧ ಬದಲಿಸಿ ನೋಡೋಣ ಅಂತ ಕೂತು ಮಾತಾಡಿದರಾಯಿತು.