ಚಿಂಪಾಂಜಿ ಜೊತೆ ಶೇ 98, ನಿಯಾಂಡರ್ತಾಲ್ ಜೊತೆ ಬರೀ ಶೇ 2: ಇದು ಹೇಗೆ?

ಪ್ರಶ್ನೆ: ನಮ್ಮ ಡಿಎನ್‌ಎ ಚಿಂಪಾಂಜಿಯ ಡಿಎನ್‌ಎಯನ್ನು ಶೇ 98ಕ್ಕಿಂತ ಜಾಸ್ತಿ ಹೋಲುತ್ತದೆ ಎಂದು ಓದಿದ್ದೆ. ಆದರೆ ನಮ್ಮಲ್ಲಿರುವ ನಿಯಾಂಡರ್ತಾಲ್ ಡಿಎನ್‌ಎ ಶೇ 2 ಮಾತ್ರ ಅಂತಾರೆ. ನಿಯಾಂಡರ್ತಾಲರೂ ಈಗ ಅಳಿದುಹೋಗಿರುವ ಒಂದು ಬಗೆಯ ಮನುಷ್ಯರೇ ಅಲ್ವಾ? ಚಿಂಪಾಂಜಿಗಿಂತ ಅವರು ನಮಗೆ ದೂರದವರಾ?

ಉತ್ತರ: ಖಂಡಿತ ಅಲ್ಲ, ಅವರು ತುಂಬಾ ಹತ್ತಿರದವರು. ಎರಡೂ ಅಂಕಿ ಸರಿಯೇ. ಆದರೆ ಅವು ಎರಡು ಬೇರೆ ಲೆಕ್ಕಗಳು. ಮೊದಲನೆಯದು ಹೋಲಿಕೆಯ ಲೆಕ್ಕ, ಎರಡನೆಯದು ಬಳುವಳಿಯ ಲೆಕ್ಕ.

ಹೋಲಿಕೆ ಸುಲಭ. ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ರಾಸಾಯನಿಕ ‘ಅಕ್ಷರ’ಗಳಿವೆ. ಚಿಂಪಾಂಜಿಯದನ್ನು ಪಕ್ಕದಲ್ಲಿಟ್ಟು, ಹೊಂದಿಸಿ ನೋಡಬಹುದಾದ ಭಾಗಗಳನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರೆ ನೂರಕ್ಕೆ ಸುಮಾರು 98.8 ಒಂದೇ. ನಿಯಾಂಡರ್ತಾಲರದನ್ನು ಇಟ್ಟರೆ ಸುಮಾರು 99.7. ಚಿಂಪಾಂಜಿಗಳ ಕವಲು ನಮ್ಮಿಂದ ಬೇರೆಯಾಗಿದ್ದು 60-70 ಲಕ್ಷ ವರ್ಷಗಳ ಹಿಂದೆ. ನಿಯಾಂಡರ್ತಾಲರು ಬೇರೆಯಾಗಿ 5-7 ಲಕ್ಷ ವರ್ಷವಾಗಿದೆ ಅಷ್ಟೇ.

ಹಾಗಾದರೆ ಶೇ 2 ಏನು? ಹಳೆಗನ್ನಡ ಕಾವ್ಯವೊಂದರ 200 ಗರಿಗಳ ತಾಳೆಗರಿ ಕಟ್ಟನ್ನು ನೆನಪಿಸಿಕೊಳ್ಳಿ. ಒಂದೇ ಮೂಲದಿಂದ ಇಬ್ಬರು ಲಿಪಿಕಾರರು ನಕಲು ಮಾಡಿದ್ದಾರೆ. ಇಬ್ಬರೂ ಅಲ್ಲಲ್ಲಿ ತಮ್ಮದೇ ಆದ ತಪ್ಪು ಮಾಡಿದ್ದಾರೆ. ಆದರೂ ಎರಡು ಪ್ರತಿಗಳೂ ಹೆಚ್ಚುಕಡಿಮೆ ಒಂದೇ. ಮುಂದೆಂದೋ ಎರಡನೆಯ ಕಟ್ಟಿನ 4 ಗರಿಗಳು ಮೊದಲನೆಯದರ ಅವೇ 4 ಗರಿಗಳ ಜಾಗಕ್ಕೆ ಬಂದು ಸೇರಿಕೊಂಡವು. ಆ 4 ಗರಿಗಳೇ ಶೇ 2. ಓದಿದರೆ ಕಾವ್ಯ ಅದೇ. ಎರಡನೆಯ ಲಿಪಿಕಾರನ ತಪ್ಪುಗಳು ಸಾಲಾಗಿ ಬಂದಿರುವುದರಿಂದ ಮಾತ್ರ ಅವು ಅವನ ಕಟ್ಟಿನವು ಎಂದು ಗೊತ್ತಾಗುತ್ತದೆ.

ವಿಜ್ಞಾನಿಗಳು ಡಿಎನ್‌ಎಯಲ್ಲಿ ಹುಡುಕುವುದೂ ಇದನ್ನೇ. 2010ರಲ್ಲಿ ಸ್ವಾಂಟೆ ಪಾಬೊ ಅವರ ತಂಡ ಕ್ರೊಯೇಷಿಯಾದ ವಿಂದಿಯಾ ಗುಹೆಯ ಮೂಳೆಗಳಿಂದ ನಿಯಾಂಡರ್ತಾಲ್ ಜೀನೋಮಿನ (ಅಂದರೆ ಪೂರ್ತಿ ಡಿಎನ್‌ಎಯ) ಮೊದಲ ಕರಡನ್ನು ಓದಿತು. ಅದರಲ್ಲಿನ ವಿಶೇಷ ಅಕ್ಷರಗಳು ಯುರೋಪ್, ಏಷ್ಯಾದ ಜನರಲ್ಲಿ ಆಫ್ರಿಕಾದವರಿಗಿಂತ ಜಾಸ್ತಿ ಸಿಕ್ಕವು. ಬರೀ ಹಳೆಯ ಹೋಲಿಕೆಯೇ ಆಗಿದ್ದರೆ ಎಲ್ಲರಲ್ಲೂ ಸಮನಾಗಿ ಇರಬೇಕಿತ್ತು. ಆಫ್ರಿಕಾದಿಂದ ಹೊರಬಂದ ನಮ್ಮ ಪೂರ್ವಜರು ನಿಯಾಂಡರ್ತಾಲರ ಜೊತೆ ಮಕ್ಕಳನ್ನು ಪಡೆದರು ಎನ್ನುವುದೇ ಇದಕ್ಕೆ ಸರಿಹೊಂದುವ ವಿವರಣೆ. ಈಗಿನ ಲೆಕ್ಕದಲ್ಲಿ ಅದು ಸುಮಾರು 50,000ದಿಂದ 43,000 ವರ್ಷಗಳ ಹಿಂದೆ. ಆಫ್ರಿಕಾಕ್ಕೆ ಮರಳಿ ಹೋದವರ ಮೂಲಕ ಅಲ್ಲಿನವರಿಗೂ ಸ್ವಲ್ಪ ಅಂಶ ತಲುಪಿದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಭಾಗ ತುಂಡುಗಳ ಉದ್ದ. ಪ್ರತಿ ತಲೆಮಾರಿನಲ್ಲೂ ಅಪ್ಪ ಅಮ್ಮನ ಡಿಎನ್‌ಎ ಕತ್ತರಿಸಿ ಕಲೆಯುತ್ತದೆ. ಹಾಗಾಗಿ ಹೊರಗಿನಿಂದ ಬಂದ ತುಂಡು ಕಾಲ ಕಳೆದಂತೆ ಚಿಕ್ಕದಾಗುತ್ತಾ ಹೋಗುತ್ತದೆ. ಉದ್ದ ನೋಡಿದರೆ ಕಾಲ ಹೇಳಬಹುದು. ರೊಮೇನಿಯಾದ ಗುಹೆಯೊಂದರಲ್ಲಿ 2002ರಲ್ಲಿ ಸುಮಾರು 40,000 ವರ್ಷ ಹಳೆಯ ದವಡೆ ಸಿಕ್ಕಿತ್ತು. ಆ ಮನುಷ್ಯನಲ್ಲಿ ನಿಯಾಂಡರ್ತಾಲ್ ಅಂಶ ಶೇ 6ರಿಂದ 9. ತುಂಡುಗಳೂ ತುಂಬಾ ಉದ್ದ. ಅಂದರೆ ಅವನಿಗಿಂತ ನಾಲ್ಕರಿಂದ ಆರು ತಲೆಮಾರು ಹಿಂದಷ್ಟೇ ಅವನ ವಂಶದಲ್ಲೊಬ್ಬರು ನಿಯಾಂಡರ್ತಾಲ್ ಆಗಿದ್ದರು! ನಮ್ಮಲ್ಲಿ ಉಳಿದಿರುವುದು ಪುಟ್ಟ ಪುಟ್ಟ ತುಂಡುಗಳು.

ಇನ್ನೊಂದು ಮಾತು. ನಿಮ್ಮ ಶೇ 2 ಮತ್ತು ನನ್ನ ಶೇ 2 ಒಂದೇ ಅಲ್ಲ. ನಿಮಗೆ ಬಂದ ತುಂಡುಗಳು ಬೇರೆ, ನನಗೆ ಬಂದವು ಬೇರೆ. ಅದಕ್ಕೇ ಹಲವರ ತುಂಡುಗಳನ್ನು ಜೋಡಿಸಿದರೆ ದೊಡ್ಡ ಭಾಗವೇ ಮರಳಿ ಸಿಗುತ್ತದೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 2,762 ಭಾರತೀಯರ ಜೀನೋಮ್‌ಗಳಿಂದಲೇ ನಿಯಾಂಡರ್ತಾಲ್ ಜೀನೋಮಿನ ಸುಮಾರು ಅರ್ಧ ಭಾಗವನ್ನು ಜೋಡಿಸಿದ್ದಾರೆ. ಭಾರತದಲ್ಲಿ ಇದುವರೆಗೆ ನಿಯಾಂಡರ್ತಾಲರ ಒಂದು ಮೂಳೆಯೂ ಸಿಕ್ಕಿಲ್ಲ ಎನ್ನುವುದನ್ನು ನೆನೆದರೆ ಇದು ಎಷ್ಟು ದೊಡ್ಡ ಕೆಲಸ ಎಂದು ತಿಳಿಯುತ್ತದೆ.

ಈ ತುಂಡುಗಳು ಸುಮ್ನೆ ಕೂತಿಲ್ಲ. 3ನೇ ಕ್ರೋಮೋಸೋಮಿನಲ್ಲಿ ಸುಮಾರು 50,000 ಅಕ್ಷರಗಳ ಒಂದು ನಿಯಾಂಡರ್ತಾಲ್ ತುಂಡು ಇದೆ. ಅದು ಇದ್ದವರಿಗೆ ಕೋವಿಡ್ ಗಂಭೀರವಾಗುವ ಅಪಾಯ ಜಾಸ್ತಿ ಎಂದು 2020ರಲ್ಲಿ ಗೊತ್ತಾಯಿತು. ಯುರೋಪಿನಲ್ಲಿ ಸುಮಾರು ಶೇ 16 ಜನರಲ್ಲಿ ಅದಿದ್ದರೆ, ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನರಲ್ಲಿದೆ. ಹಾಗಂತ ಅದೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ವಯಸ್ಸು, ಬೇರೆ ಕಾಯಿಲೆಗಳ ಪಾತ್ರವೂ ದೊಡ್ಡದು. 12ನೇ ಕ್ರೋಮೋಸೋಮಿನಲ್ಲಿರುವ ಇನ್ನೊಂದು ನಿಯಾಂಡರ್ತಾಲ್ ತುಂಡು ಅದೇ ಅಪಾಯವನ್ನು ಸ್ವಲ್ಪ ತಗ್ಗಿಸುತ್ತದೆ.